ಅಂಗಡಿಯಲ್ಲಿ ಗಪ್‌ಚುಪ್, ಮನೆಯಲ್ಲಿ ಗುಂಯ್

ಓದುವವರಿಗೆಲ್ಲ ಶರಣು. ಮೂವತ್ತು ದಾಟಿದ ಮೇಲೆ ಹತ್ತನೇ ಕ್ಲಾಸು ಪಾಸಾದವನು ನಾನು. ಅಕ್ಷರ ಹುಡುಕಿ ಹುಡುಕಿ ಟೈಪ್ ಮಾಡುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಮಲಾಪುರದಲ್ಲಿ ನನ್ನದೊಂದು ರಿಪೇರಿ ಅಂಗಡಿ. ಕಲಬುರಗಿ ಕೋಟೆ ಹತ್ತಿರದ ಚಾಚಾ ಒಬ್ಬರು ಹಳೆಯ ವಾಲ್ವ್ ಆಂಪ್ಲಿಫೈಯರ್ ತಂದಿದ್ದರು. ವಯಸ್ಸಿದ್ದಾಗ ಮದುವೆಗಳಿಗೆ ಮೈಕ್ ಸೆಟ್ ಕಟ್ಟಿದವರು. ಈಗ ಅದಕ್ಕೆ ರೆಕಾರ್ಡ್ ಪ್ಲೇಯರ್ ಜೋಡಿಸಿ ಖವ್ವಾಲಿ ಕೇಳುತ್ತಾರೆ. ಹಾಡಿಗಿಂತ ಗುಂಯ್ ಸದ್ದೇ ಜೋರು. ಒಣಗಿದ ಕಂಡೆನ್ಸರ್ ಬದಲಿಸಿ, ನನ್ನ ಮೊಬೈಲ್ ಜೋಡಿಸಿ ನೋಡಿದೆ. ಸದ್ದು ಹೋಗಿತ್ತು. ಮನೆಗೆ ಒಯ್ದರೆ ಮತ್ತೆ ಗುಂಯ್. ತಿರುಗಿ ತಂದರು; ಅಂಗಡಿಯಲ್ಲಿ ಮತ್ತೆ ಗಪ್‌ಚುಪ್. ಕೊನೆಗೆ ಫೋನ್ ಬಂತು.

“ಬೇಟಾ, ನಿಮ್ಮೂರ ಕೆಂಪ ಬಾಳೆಹಣ್ಣಿನ ರುಚಿ ಹತ್ಯಾದೇನು ಇದಕ್ಕ? ಅಲ್ಲಿ ಗಪ್ ಕುಂದರ್ತದ, ಇಲ್ಲಿ ಬಂದ್ರ ಒದರ್ತದ. ಮಗ ಗುಜರಿಯವನಿಗಿ ಇವತ್ತೇ ಬಾ ಅಂದಾನ.”

ಅಂಗಡಿ ಮುಚ್ಚಿ ಬಸ್ ಹತ್ತಿದೆ. ಬಾಗಿಲಲ್ಲೇ ಚಾಚಾರ ಮಗ ನಿಂತಿದ್ದ.

“ಬರ್ರಿ ಮೇಸ್ತ್ರಿ, ಕಡೀ ಸಲ ಮುಖ ನೋಡಿ ಹೋಗ್ರಿ.”

“ಬಾಯಾಗ ಒಳ್ಳೇದು ಬರ್ಲಿ ಅಣ್ಣಾ,” ಎಂದು ಒಳಗೆ ಹೋದೆ.

ಸೆಟ್ ಹಚ್ಚಿದರೆ ಗುಂಯ್ ಶುರುವಾಯಿತು. ವಾಲ್ಯೂಮ್ ಪೂರ್ತಿ ಇಳಿಸಿದೆ. ಗುಂಯ್ ನಿಂತಿತು. ಅಂದರೆ ರೋಗ ಆಂಪ್ಲಿಫೈಯರಿನ ಹೊಟ್ಟೆಯಲ್ಲಿಲ್ಲ, ಹೊರಗಿನಿಂದ ಬರುತ್ತಿದೆ. ವಾಲ್ಯೂಮ್ ಏರಿಸಿ ಪ್ಲೇಯರಿನ ಪಿನ್ ಕಿತ್ತೆ. ಆಗಲೂ ಶಾಂತ. ಪ್ಲೇಯರಿನ ಹಿಂದೆ ಕೈಯಾಡಿಸಿದರೆ ಒಂದು ತಾಮ್ರದ ತಂತಿ ಸಿಕ್ಕಿತು. ಅದು ಕಿಟಕಿ ದಾಟಿ ಅಂಗಳದ ನಳದ ಪೈಪಿಗೆ ಸುತ್ತಿಕೊಂಡಿತ್ತು.

“ಇದ್ಯಾರು ಕಟ್ಯಾರ ಚಾಚಾ?”

“ನಾನೇ ಬೇಟಾ. ನಾವು ಮೈಕಿನ ಮಂದಿ, ಒಂದೊಂದು ಸಾಮಾನಿಗಿ ಒಂದೊಂದು ಅರ್ಥಿಂಗ್ ಕೊಡ್ತೀವಿ. ಮೈಕ್ ಹಿಡಿದವರು ಶಾಕ್ ಹೊಡದು ಜಿಗದಿದ್ದು ನೋಡೀನಿ.”

ಗಂಟು ಅಲ್ಲೇ ಇತ್ತು. ಆಂಪ್ಲಿಫೈಯರಿಗೆ ಗೋಡೆಯ ಅರ್ಥಿಂಗ್, ಪ್ಲೇಯರಿಗೆ ನಳದ್ದು. ಎರಡರ ನಡುವೆ ಕರೆಂಟ್ ಸುತ್ತು ಹೊಡೆದು ಗುಂಯ್ ಎನ್ನುತ್ತಿತ್ತು. ಅಂಗಡಿಗೆ ಈ ಪ್ಲೇಯರ್ ಬಂದೇ ಇರಲಿಲ್ಲ, ಅದಕ್ಕೇ ಅಲ್ಲಿ ಗಪ್‌ಚುಪ್. ಎಲ್ಲ ಬಂದ್ ಮಾಡಿ ನಳದ ತಂತಿ ಬಿಚ್ಚಿದೆ. ಪ್ಲೇಯರಿನ ಲೋಹದ ಮೈಯನ್ನು ತಂತಿಯಿಂದ ಆಂಪ್ಲಿಫೈಯರಿನ ಮೈಗೆ ಕಟ್ಟಿ, ಕಿತ್ತ ಪಿನ್ ಮತ್ತೆ ಚುಚ್ಚಿದೆ. ಈಗ ಇಬ್ಬರಿಗೂ ಗೋಡೆಯ ಒಂದೇ ಅರ್ಥಿಂಗ್. ಶಾಕಿನ ಭಯವೂ ಇಲ್ಲ.

ಸ್ವಿಚ್ ಹಾಕಿದೆ. ವಾಲ್ವ್‌ಗಳು ಕೆಂಪಾದವು. ವಾಲ್ಯೂಮ್ ಏರಿಸಿದರೂ ಸದ್ದಿಲ್ಲ.

“ಸತ್ತೇ ಹೋಯ್ತೇನು?” ಎಂದು ಚಾಚಾ ಗಾಬರಿಯಾದರು.

ರೆಕಾರ್ಡಿನ ಮೇಲೆ ಮುಳ್ಳು ಇಟ್ಟೆ. ಚಪ್ಪಾಳೆ, ಡೋಲಕ್, ಹಿಂದೆಯೇ ದನಿ. ಹಾಡುವವನು ಉಸಿರೆಳೆದದ್ದೂ ಕೇಳಿಸಿತು! ಚಾಚಾ ಕಣ್ಣು ಮುಚ್ಚಿ ತಲೆ ಆಡಿಸತೊಡಗಿದರು. ಮಗ ಹೊರಗೆ ಹೋಗಿ ಫೋನಿನಲ್ಲಿ, “ಬ್ಯಾಡ್ರಿ, ಬರಬ್ಯಾಡ್ರಿ. ನಮ್ಮ ಕಮಲಾಪುರದ ಮೇಸ್ತ್ರಿ ಬಂದಾರ,” ಅಂದ.

‘ನಮ್ಮ’ ಅಂದಿದ್ದ. ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಊರ ತನಕ ನಿಂತೇ ಬಂದೆ, ಕಾಲು ನೋಯಲೇ ಇಲ್ಲ.

ನಿಮ್ಮ ಮನೆಯ ಹಳೆಯ ಸೆಟ್ಟೂ ಹೀಗೆ ಸತಾಯಿಸಿದ್ದುಂಟೇ? ಕಳ್ಳ ಎಲ್ಲಿ ಸಿಕ್ಕ? ಬರೆದು ತಿಳಿಸಿರಿ, ನಾನೂ ಕಲಿಯುತ್ತೇನೆ.