ನಾನು ಟೈಪ್ ಮಾಡಿದ ಊರು

ಅಮೆರಿಕದ ಸೇಂಟ್ ಲೂಯಿಸ್ ನಗರವನ್ನು ನಾನು ಕಂಡಿಲ್ಲ. ಆದರೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಐದು ವರ್ಷ ಅಲ್ಲಿಯವರ ಕಾಯಿಲೆಗಳನ್ನು ಟೈಪ್ ಮಾಡಿದ್ದೇನೆ. ಅಲ್ಲಿನ ಡಾಕ್ಟರುಗಳು ರೋಗಿಗಳನ್ನು ನೋಡಿ, ಕಂಡದ್ದನ್ನು ಯಂತ್ರಕ್ಕೆ ಹೇಳಿ ಮನೆಗೆ ಹೋಗುತ್ತಿದ್ದರು. ಅವರು ಮಲಗಿರುವ ಹೊತ್ತಿನಲ್ಲಿ ಇಂದಿರಾನಗರದ ಒಂದು ಬೇಕರಿಯ ಮಹಡಿಯ ಮೇಲೆ ನಾವು ಹನ್ನೆರಡು ಹುಡುಗಿಯರು ಹೆಡ್‌ಫೋನ್ ಹಾಕಿಕೊಂಡು, ಧ್ವನಿಯನ್ನು ನಿಲ್ಲಿಸಿ ಓಡಿಸುವ ಪೆಡಲನ್ನು ಕಾಲಲ್ಲಿ ಒತ್ತುತ್ತಾ ಅವರ ಮಾತನ್ನು ಅಕ್ಷರಕ್ಕೆ ಇಳಿಸುತ್ತಿದ್ದೆವು.

ಸೇರಿದ ದಿನವೇ ಮೇಲ್ವಿಚಾರಕಿ ಆ ಊರಿನ ಬಗ್ಗೆ ಎರಡು ಹಾಳೆ ಕೊಟ್ಟು, "ಬಾಯಿಪಾಠ ಮಾಡ್ಕೊಳ್ಳಿ, ಹೆಸರು ತಪ್ಪಾದ್ರೆ ಫೈಲ್ ವಾಪಸ್ ಬರತ್ತೆ" ಎಂದರು. ಮಿಸಿಸಿಪ್ಪಿ ನದಿಯ ದಡದ ಊರು. ಪ್ರಾಣಿಗಳ ತುಪ್ಪಳದ ವ್ಯಾಪಾರಕ್ಕೆ ಬಂದ ಫ್ರೆಂಚರು ಕಟ್ಟಿದ್ದು. ಆಮೇಲೆ ಹಬೆದೋಣಿಗಳು ಬಂದವು, ಬಿಯರ್ ಮತ್ತು ಬೂಟಿನ ಕಾರ್ಖಾನೆಗಳು ಬಂದವು. ಸಾಲುಸಾಲು ಕೆಂಪು ಇಟ್ಟಿಗೆಯ ಮನೆಗಳು, ಹೊಳೆಯ ಅಂಚಿನಲ್ಲಿ ಉಕ್ಕಿನ ದೊಡ್ಡ ಕಮಾನು. ಜನ ತುಂಬಿ ತುಳುಕುತ್ತಿದ್ದ ಆ ಊರು ಖಾಲಿಯಾಗುತ್ತಾ ಬಂದಿದೆ ಎಂಬುದು ಮಾತ್ರ ಹಾಳೆಯಲ್ಲಿ ಇರಲಿಲ್ಲ. ಅದನ್ನು ಡಾಕ್ಟರುಗಳಿಂದ ತಿಳಿದುಕೊಂಡೆ. ಬೂಟಿನ ಕಾರ್ಖಾನೆ ಮುಚ್ಚಿದ ಮೇಲೆ ಕೆಲಸವಿಲ್ಲ. ಪಕ್ಕದ ಮನೆಗಳಲ್ಲಿ ಯಾರೂ ಇಲ್ಲ. ಎದೆ ಬಿಗಿತ, ನೋವು ದವಡೆಗೆ ಹಬ್ಬುತ್ತದೆ. ಇಂಥ ಸಾಲುಗಳನ್ನು ಬರೆಯುವಾಗ ಆ ಕಾಣದ ಜನರ ಮೇಲೆ ನನಗೆ ನಿಜವಾಗಿಯೂ ಕನಿಕರ ಹುಟ್ಟುತ್ತಿತ್ತು.

ಹಲಸೂರಿನ ಮನೆಗೆ ಬಂದರೆ ಅಮ್ಮ ಮೊದಲು ಕೇಳುತ್ತಿದ್ದುದೇ ಅದನ್ನು: "ಇವತ್ತು ನಿಮ್ಮೂರಲ್ಲಿ ಯಾರಿಗೆ ಏನಾಯ್ತೇ?" ಹೆಸರು ಬಿಟ್ಟು ಕಾಯಿಲೆ ಹೇಳುತ್ತಿದ್ದೆ. ಅಲ್ಲಿನ ಹೊಳೆ ನಮ್ಮ ಕೆರೆಗಿಂತ ದೊಡ್ಡದಾ ಎಂದು ಒಮ್ಮೆ ಕೇಳಿದಳು. ಆಚೆ ದಡದಲ್ಲಿ ಬೇರೆ ರಾಜ್ಯವೇ ಇದೆ ಎಂದೆ. "ಅಷ್ಟು ನೀರಿಟ್ಕೊಂಡೂ ಇಷ್ಟೊಂದ್ ಕಾಯ್ಲೆನಾ!" ಎಂದು ಮರುಗಿದಳು. ಆ ಮಾತಿನ ಭರದಲ್ಲಿ ನಾನು ಅಕ್ಕಿ ನೆನೆಹಾಕುವುದನ್ನು ಮರೆತರೆ, "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಛೇಡಿಸುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದವಳು ಎದೆ ನೀವಿಕೊಂಡಳು. "ಗ್ಯಾಸ್ ಕಣೇ. ಎದೇಲಿ ಹಿಡ್ಕೊಂಡು ದವಡೆವರ್ಗೂ ಎಳೀತಿದೆ."

ನಮ್ಮ ಬೀದಿಯಲ್ಲಿ ಎಲ್ಲದಕ್ಕೂ ಗ್ಯಾಸೇ. ಬೆನ್ನು ಹಿಡಿದರೂ ಗ್ಯಾಸ್, ತಲೆ ಸುತ್ತಿದರೂ ಗ್ಯಾಸ್. ಓಮ ಕುದಿಸಿ ಕೊಟ್ಟೆ. "ವಡೆ ತಿನ್ಬೇಡ ಅಂದ್ರೆ ಕೇಳ್ಬೇಕಲ್ಲ ನೀನು" ಎಂದು ಬೈದೆ ಕೂಡ. ಅವಳು ತೇಗಿದಳು, ಇಬ್ಬರಿಗೂ ಸಮಾಧಾನವಾಯಿತು. ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಟಿವಿ ಮುಂದೆ ಕೂತೆ. ಅದನ್ನು ನೆನೆದರೆ ಇಂದಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಮಧ್ಯಾಹ್ನ ಅವಳು ಬೆವೆತು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತ ಮೇಲೆಯೇ ನಾನು ಆಟೋ ತಂದದ್ದು.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದೊಯ್ದರು. ಒಬ್ಬ ಡಾಕ್ಟರು ಬಂದು, ಏನಾಯಿತು ಹೇಳಿ ಎಂದರು. ನನ್ನ ಬಾಯಿಂದ ಇಂಗ್ಲಿಷ್ ಬಂತು. ಅರವತ್ತೊಂದು ವರ್ಷದ ಹೆಂಗಸು, ಎದೆ ಬಿಗಿತ, ನೋವು ದವಡೆಗೆ ಹಬ್ಬುತ್ತದೆ, ಬೆಳಿಗ್ಗೆ ಎಂಟರಿಂದ, ಈಗ ಬೆವರು. ಐದು ವರ್ಷ ಬರೆದ ಅದೇ ಸಾಲು, ಒಂದು ಪದವೂ ತಪ್ಪಲಿಲ್ಲ. ಹೇಳುತ್ತಿರುವಾಗಲೇ ನಾನು ಏನು ಹೇಳುತ್ತಿದ್ದೇನೆ ಎಂಬುದು ನನಗೆ ತಿಳಿಯಿತು.

ಸಂಜೆ ಅದೇ ಡಾಕ್ಟರು ಹೊರಗೆ ಬಂದು, ಉಳಿಸಿಕೊಳ್ಳಲು ಆಗಲಿಲ್ಲ ಎಂದರು. ಹೋಗಲು ತಿರುಗಿದವರು ನಿಂತರು.

"ನೀವೂ ಡಾಕ್ಟರಾ?"

"ಇಲ್ಲ ಸಾರ್. ಡಾಕ್ಟ್ರು ಹೇಳಿದ್ದನ್ನ ಟೈಪ್ ಮಾಡ್ತೀನಿ."

"ಎಲ್ಲಾ ಗೊತ್ತಿತ್ತಲ್ಲಮ್ಮಾ ನಿಮಗೆ. ಬೆಳಿಗ್ಗೇನೇ ಯಾಕ್ ಕರ್ಕೊಂಡ್ ಬರ್ಲಿಲ್ಲ?"

ಅವರು ಗದರಿಸಿ ಕೇಳಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತು.

"ಅಮ್ಮ ಗ್ಯಾಸ್ ಅಂದ್ಲು ಸಾರ್" ಎಂದೆ.