ಬಾರಾಮತಿಯಿಂದ ತರಿಸಿದ ಬ್ರೇಕು

ಭಾವ, ಲೋಣಾವಳಾದ ಇಳಿಜಾರಿನಲ್ಲಿ ನಿಮ್ಮ ಕಾರು ಗುಡ್ಡಕ್ಕೆ ಬಡಿದದ್ದು ನಿಮ್ಮ ತಪ್ಪಿನಿಂದಲ್ಲ. ನನ್ನಿಂದ. ಎಂಟು ವರ್ಷ ಇದನ್ನು ಬಚ್ಚಿಟ್ಟೆ.

ಬ್ರೇಕಿನ ಮಾಸ್ಟರ್ ಸಿಲಿಂಡರ್ — ಪೆಡಲ್ ಒತ್ತಿದ ಬಲವನ್ನು ಚಕ್ರಗಳಿಗೆ ಮುಟ್ಟಿಸುವ ಭಾಗ — ಕೆಟ್ಟುಹೋಗಿತ್ತು. ಅಷ್ಟು ಹಳೆಯ ಕಾರಿಗೆ ಪುಣೆಯ ಯಾವ ಅಂಗಡಿಯಲ್ಲೂ ಹೊಸದು ಸಿಗಲಿಲ್ಲ. "ಆನ್‌ಲೈನ್‌ನಾಗ ನಾ ಹುಡುಕತೀನಿ, ನೀವು ಚಿಂತಿ ಬಿಡ್ರಿ" ಎಂದೆ. ನನ್ನನ್ನು ಕೆಲಸಕ್ಕೆ ಬಾರದವನೆಂದು ಎಣಿಸದವರು ಮನೆಯಲ್ಲಿ ನೀವೊಬ್ಬರೇ. ನಿಮ್ಮೆದುರು ಸೋಲಬಾರದೆಂಬ ಹಟ — ಇದನ್ನು ನೆಪವಾಗಿ ಹೇಳುತ್ತಿಲ್ಲ.

ಬಾರಾಮತಿಯ ಗುಜರಿಯವನೊಬ್ಬನ ಬಳಿ ಹಳೆಯದು ಸಿಕ್ಕಿತು. ಅವನು ಮೋಸ ಮಾಡಲಿಲ್ಲ. ಒಳಗಿನ ರಬ್ಬರು ಸವೆದಿದೆ, ಬದಲಿಸದೆ ಹಾಕಬೇಡಿ ಎಂದು ಫೋನಿನಲ್ಲಿ ಮರಾಠಿಯಲ್ಲಿ ಎರಡೆರಡು ಸಲ ಹೇಳಿದ. ಹೊಸ ರಬ್ಬರು ಬರಲು ವಾರ ಬೇಕಿತ್ತು. ನೀವೋ ಆ ಭಾನುವಾರವೇ ಅಕ್ಕನನ್ನು ಲೋಣಾವಳಾಕ್ಕೆ ಕರೆದೊಯ್ಯುವವರಿದ್ದಿರಿ — ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತ್ತು.

ಹಡಪಸರದ ಗ್ಯಾರೇಜಿನಲ್ಲಿ, ಕಲಬುರಗಿ ಕಡೆಯ ಮೆಕ್ಯಾನಿಕ್ ಅದನ್ನು ಕೈಯಲ್ಲಿ ಹೊರಳಿಸಿ ನೋಡಿದ.

"ಒಳಗಿನ ರಬ್ಬರ್ ಬದಲಿ ಮಾಡ್ಯಾರೇನ್ರಿ?"

"ಹೂಂ, ಮಾಡ್ಯಾರ."

ಅವನು ನನ್ನ ಮುಖ ನೋಡಿದ. ನಾನು ಫೋನು ನೋಡಿದೆ.

ಭಾನುವಾರ ಬೆಳಿಗ್ಗೆ ನಿಮ್ಮ ನಂಬರು ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ಏನೂ ಆಗುವುದಿಲ್ಲ ಎಂದುಕೊಂಡೆ — ಇಲ್ಲ, ಹಾಗೆಂದುಕೊಳ್ಳಲು ಹೆಣಗಿದೆ. ಸ್ನಾನಕ್ಕೆ ಹೋದರೂ ಫೋನು ಜೊತೆಗೇ ಇತ್ತು. ಮಧ್ಯಾಹ್ನ ಅದು ಬಡಿದುಕೊಂಡಾಗ, ಎತ್ತುವ ಮುಂಚೆಯೇ ನನಗೆ ಗೊತ್ತಾಗಿತ್ತು.

ಆಸ್ಪತ್ರೆಯಲ್ಲಿ ಅಕ್ಕನ ಬಲ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕುತ್ತಿದ್ದರು. ನೀವು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಿರಿ: "ಬ್ರೇಕ್ ಒತ್ತೇನಿ, ಪೆಡಲ್ ತಳಕ್ಕ ಹೋತು." ಯಾರಾದರೂ ಬಿಚ್ಚಿ ನೋಡಿದರೆ? ಗ್ಯಾರೇಜಿನವನನ್ನು ಕೇಳಿದರೆ? ಆಗ ನಾನು — ಎಲ್ಲರೂ ಕೇಳುವ ಹಾಗೆ —

"ಭಾವಾ, ಗಾಬರಿಯೊಳಗ ಆಕ್ಸಿಲರೇಟರ್ ಮ್ಯಾಲೆ ಕಾಲಿಟ್ಟಿರಬೇಕ್ರಿ ನೀವು."

ನೀವು ಬಹಳ ಹೊತ್ತು ನಿಮ್ಮ ಬಲಗಾಲನ್ನೇ ನೋಡಿದಿರಿ. "ಇದ್ದೀತಪಾ" ಎಂದಿರಿ.

ಮರುದಿನವೇ ಕಾರನ್ನು ಗುಜರಿಗೆ ಸಾಗಿಸಿದೆ. ನೀವು ಅದನ್ನೂ ಉಪಕಾರವೆಂದು ನೆನೆದಿರಿ.

ಆಮೇಲೆ ನೀವು ಸ್ಟಿಯರಿಂಗ್ ಮುಟ್ಟಲಿಲ್ಲ. ಎಷ್ಟೋ ಸಲ ಊಟದ ಮೇಜಿನ ಕೆಳಗೆ ನೋಡಿದ್ದೇನೆ — ನಿಮ್ಮ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಅಕ್ಕನ ಕೈ ನೆಟ್ಟಗಾಗಲಿಲ್ಲ. ಆಕೆ ಈಗ ರೊಟ್ಟಿ ಬಡಿಯುವುದಿಲ್ಲ. ಅದಕ್ಕೂ ನೀವು ನಿಮ್ಮನ್ನೇ ಬೈದುಕೊಂಡಿರಿ. ನಾನು ಎದುರು ಕೂತು ಉಣ್ಣುತ್ತಿದ್ದೆ.

ಹೋದ ವಾರ ನಿಮ್ಮ ಮಗಳು ವಿದ್ಯಾ ಹೊಸ ಕಾರು ತಂದು, "ಪಪ್ಪಾ, ಒಂದು ಸುತ್ತು ಹೊಡಸ್ರಿ" ಎಂದು ಕೀಲಿ ಚಾಚಿದಳು. ನೀವು ಕೈ ಹಿಂದೆಳೆದುಕೊಂಡಿರಿ.

"ಬ್ಯಾಡವಾ. ನನ್ನ ಕಾಲು ನನ್ನ ಮಾತು ಕೇಳೂದಿಲ್ಲ."

ಅವಳು ನಕ್ಕಳು. ನನ್ನಿಂದ ಅಲ್ಲಿ ನಿಲ್ಲಲಾಗಲಿಲ್ಲ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದು ನನಗೆ ಸುಲಭವಾಗಿಬಿಡುತ್ತದೆ. ಈ ಕಾಗದವನ್ನು ಅಂಚೆಗೂ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಬರುತ್ತೇನೆ. ಅಕ್ಕ ಇರಲಿ, ವಿದ್ಯಾ ಇರಲಿ, ಅಂದು ಆಸ್ಪತ್ರೆಗೆ ಬಂದಿದ್ದವರನ್ನೆಲ್ಲ ನಾನೇ ಕರೆಯುತ್ತೇನೆ. ಎಲ್ಲರೆದುರು ನಿಂತು ಓದುತ್ತೇನೆ. ಆಮೇಲೆ ನೀವು ಬಾಗಿಲು ತೋರಿಸಿದರೆ, ಹೋಗುತ್ತೇನೆ.