ಕಾವಲಿನಲ್ಲಿ ನಾನು ಹೇಳಿದ ಹೆಸರು

ಮಾಟ, ಮಂತ್ರ, ದೃಷ್ಟಿ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹೊಸದುರ್ಗದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು ನಾನು. ದಾರಿಯಲ್ಲಿ ಬಿದ್ದ ನಿಂಬೆಹಣ್ಣು ದಾಟಲು ಹೆದರುವ ಹುಡುಗಿಯರನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ ನಗೆಪಾಟಲು ಮಾಡಿದ್ದೇನೆ. ಇದನ್ನು ಓದಿ ಅವರು ನಕ್ಕರೆ ನಗಲಿ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆರೇಳು ವರ್ಷದ ಹಿಂದಿನ ಮಾತು. ಭಾನುವಾರ ಬಂತೆಂದರೆ ಸ್ಕೂಟರ್ ಹತ್ತಿ ಶ್ರೀರಾಂಪುರದ ಕಡೆಯ ಕಾವಲಿಗೆ, ಅಂದರೆ ಕುರಿ ಮೇಯುವ ಹುಲ್ಲುಬಯಲಿಗೆ, ಹೋಗಿ ನಡೆಯುವುದು, ಕಾಡುಗಿಡಗಳ ಗುರುತು ಹಿಡಿಯುವುದು ನನ್ನ ಹುಚ್ಚು. ಒಂದೊಂದು ರೆಂಬೆ ತಂದು, ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ, ರಟ್ಟಿಗೆ ಅಂಟಿಸಿ ಕೆಳಗೆ ಹೆಸರು ಬರೆದಿಡುತ್ತಿದ್ದೆ. ಅದರಲ್ಲಿ ಅರ್ಧದಷ್ಟು ಹೆಸರು ಹೇಳಿಕೊಟ್ಟವನು ಚಿತ್ತಜ್ಜ. ಕಾವಲಿನ ಪಕ್ಕದ ಹಟ್ಟಿಯವನು, ಸೊಸೆ ಕರಿಯಮ್ಮನ ಜೊತೆ ಕುರಿ ಮೇಯಿಸುತ್ತಿದ್ದ. ಗಂಡ ತೀರಿಕೊಂಡ ಮೇಲೆ ಕರಿಯಮ್ಮನಿಗೆ ಆ ಇಪ್ಪತ್ತು ಕುರಿಗಳೇ ಬದುಕು.

ತಂಗಡಿ, ಬಂದರೆ, ಉತ್ತರಾಣಿ, ಕಾರೆ ಎಂದು ಅಜ್ಜ ಕೋಲಿನ ತುದಿಯಲ್ಲಿ ತೋರಿಸುತ್ತಾ ಹೋಗುತ್ತಿದ್ದ. ಒಂದು ಗಿಡದ ಹೆಸರಿಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅದು ಕುರಿಗೆ ನಂಜೇರಿದಾಗ ಅವನು ಕೊಡುತ್ತಿದ್ದ ಮದ್ದು. ಕೀಳುವಾಗ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ, ಟವೆಲ್ಲಿನಲ್ಲಿ ಮುಚ್ಚಿಕೊಂಡು ತರುತ್ತಿದ್ದ.

“ಮದ್ದಿನ ಹೆಸ್ರು ಬಾಯಿಗ್ ಬರಬಾರ್ದು ಮೇಡಮ್ಮೋರೆ. ಬಂತು ಅಂದ್ರೆ ಅದು ಕೆಲಸ ಮಾಡಲ್ಲ,” ಎನ್ನುತ್ತಿದ್ದ.

ನಾಟಿ ಮದ್ದಿನವರೆಲ್ಲ ಹೇಳುವ ಮಾತೇ. ತನ್ನ ದೊಡ್ಡಸ್ತಿಕೆ ಉಳಿಸಿಕೊಳ್ಳಲು ಮುದುಕ ಮಾಡಿಕೊಂಡ ಉಪಾಯ ಅಂದುಕೊಂಡೆ. ಸುತ್ತಲ ಹಟ್ಟಿಯವರಿಗೆಲ್ಲ ಅವನು ಪುಕ್ಕಟೆ ಮದ್ದು ಕೊಡುತ್ತಿದ್ದದ್ದು ಗೊತ್ತಿದ್ದೂ ಹಾಗೆ ಅಂದುಕೊಂಡೆ.

ಆ ಭಾನುವಾರ ನಾನು ಹೋಗುವಷ್ಟರಲ್ಲಿ ಅನಾಹುತವಾಗಿತ್ತು. ಜೋಳ ಕೊಯ್ದ ಹೊಲದಲ್ಲಿ ಕೂಳೆ ಮಳೆಗೆ ಚಿಗುರಿತ್ತು. ಆ ಎಳೆ ಚಿಗುರು ಕುರಿಗೆ ವಿಷ. ಕರಿಯಮ್ಮನ ಕಣ್ಣು ತಪ್ಪಿಸಿ ಹಿಂಡು ನುಗ್ಗಿ ಮೇದಿತ್ತು. ಇಪ್ಪತ್ತು ಕುರಿಗಳೂ ಬದುವಿನುದ್ದಕ್ಕೆ ಕಾಲು ಬಡಿಯುತ್ತಾ ಬಿದ್ದಿದ್ದವು. ಚಿತ್ತಜ್ಜ ಟವೆಲ್ಲಿನಡಿಯಿಂದ ಸೊಪ್ಪು ತೆಗೆದು ಕಲ್ಲಿನ ಮೇಲೆ ಅರೆಯುವುದು, ಕರಿಯಮ್ಮ ಕುರಿಯ ಬಾಯಿ ಅಗಲಿಸುವುದು, ಬಿದಿರಿನ ಗೊಟ್ಟದಲ್ಲಿ ರಸ ಹೊಯ್ಯುವುದು ನಡೆದಿತ್ತು. ನನ್ನ ಕಣ್ಣೆದುರೇ ಒಂದೊಂದಾಗಿ ತಲೆ ಕೊಡವಿ ಎದ್ದು ನಿಂತವು. ಎಂಟು ಕುರಿ ಎದ್ದವು. ನಾನೇ ಎಣಿಸಿದ್ದೇನೆ.

ಆಗ ಟವೆಲ್ಲಿನಿಂದ ಒಂದು ರೆಂಬೆ ಜಾರಿ ನನ್ನ ಕಾಲ ಬಳಿ ಬಿತ್ತು. ಎರಡು ವರ್ಷದಿಂದ ಕಾದವಳು ನಾನು. ತಕ್ಷಣ ಫೋನಿನಲ್ಲಿ ಫೋಟೊ ತೆಗೆದೆ. ಗಿಡ ಗುರುತಿಸುವ ಆ್ಯಪ್ ಒಂದು ಹೆಸರು ಕೊಟ್ಟಿತು, ಎಲೆ ನೋಡಿ ನನಗೂ ಅದೇ ಸರಿ ಎನಿಸಿತು. ಪಕ್ಕದಲ್ಲಿ ಕುರಿಗಳು ಸಾಯುತ್ತಿರುವಾಗ ಇದೆಂಥ ಕೆಲಸ ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಅಲ್ಪವಿದ್ಯೆ ಮಹಾಗರ್ವಿ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

“ಹೆಸ್ರು ಹೇಳ್‌ಬ್ಯಾಡ್ರಿ ಮೇಡಮ್ಮೋರೆ, ನಿಮ್ ಕಾಲಿಗ್ ಬೀಳ್ತೀನಿ,” ಎಂದಳು ಕರಿಯಮ್ಮ, ಹಿಡಿದ ಕುರಿಯ ಬಾಯಿ ಬಿಡದೆಯೇ.

ನಾನು ನಕ್ಕೆ. “ಅಜ್ಜ, ಇದಕ್ಕಾ ಇಷ್ಟು ಗುಟ್ಟು? ಬಸ್‌ಸ್ಟ್ಯಾಂಡ್ ಹಿಂದೆ ಬೇಕಾದಷ್ಟು ಬೆಳೆದೈತೆ!” ಎಂದು ಹೆಸರನ್ನು ಗಟ್ಟಿಯಾಗಿ ಹೇಳಿದೆ. ಮೊದಲು ಲ್ಯಾಟಿನ್ನಿನಲ್ಲಿ, ಆಮೇಲೆ ಕನ್ನಡದಲ್ಲಿ.

ಒಂಬತ್ತನೆಯ ಕುರಿ ಏಳಲಿಲ್ಲ. ಹತ್ತನೆಯದೂ ಏಳಲಿಲ್ಲ. ಅದೇ ಸೊಪ್ಪು, ಅದೇ ಕಲ್ಲು, ಅದೇ ಕೈ. ಗೊಟ್ಟ ಬಾಯಿಂದ ಹೊರಗೆ ತೆಗೆಯುವ ಮೊದಲೇ ಕಣ್ಣು ಮೇಲೆ ಮಾಡುತ್ತಿದ್ದವು. ಸಾಲಾಗಿ ಹನ್ನೆರಡೂ ಹೋದವು. ಕರಿಯಮ್ಮ ಮಣ್ಣಿನಲ್ಲಿ ಕುಂತು ಎದೆ ಬಡಿದುಕೊಳ್ಳುತ್ತಿದ್ದಳು. ಸತ್ತ ತಾಯಿಯ ಕೆಚ್ಚಲಿಗೆ ನಾಲ್ಕು ದಿನದ ಮರಿಯೊಂದು ಬಾಯಿ ಹಾಕುತ್ತಿತ್ತು. ಅದಿನ್ನೂ ಹುಲ್ಲು ಮುಟ್ಟಿದ್ದೇ ಇಲ್ಲ. ಹಾಲಿನಲ್ಲಿ ನಂಜು ಬಂದಿದ್ದೀತು, ಇದಕ್ಕೂ ಎರಡು ಹನಿ ಹಾಕಿ ಎಂದವಳು ನಾನು. ಮದ್ದು ಕೆಟ್ಟಿಲ್ಲವೆಂದು ತೋರಿಸಬೇಕಿತ್ತು ನನಗೆ. ಮರಿಯನ್ನು ಹಿಡಿದುಕೊಂಡವಳೂ ನಾನೇ. ನನ್ನ ಮಡಿಲಲ್ಲಿ ಅದು ಒಮ್ಮೆ ಸೆಟೆದು ತಣ್ಣಗಾಯಿತು.

ಚಿತ್ತಜ್ಜ ಅರೆಯುವ ಕಲ್ಲು ತೊಳೆದಿಟ್ಟ. “ಮಾತು ಆಡಿದ್ರೆ ಹೋತು, ಮುತ್ತು ಒಡದ್ರೆ ಹೋತು,” ಅಂದ, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ನನಗೆ ನಾನೇ ಪಾಠ ಹೇಳಿಕೊಂಡೆ. ಕೊನೆಯಲ್ಲಿ ಮದ್ದು ಕುಡಿದವುಗಳ ಮೈಗೆ ಅಷ್ಟರಲ್ಲಿ ವಿಷ ಪೂರಾ ಏರಿತ್ತು, ಮರಿಗೆ ರಸ ಶ್ವಾಸನಾಳಕ್ಕೆ ಹೋಗಿರಬೇಕು. ಹಗಲಲ್ಲಿ ಈ ಉತ್ತರ ಸಾಕಾಗುತ್ತಿತ್ತು.

ಮರುವರ್ಷ ಗಿಡಗಳ ವಿಷಯ ಬಲ್ಲ ಹಿರಿಯರೊಬ್ಬರು ನನ್ನ ರಟ್ಟುಗಳನ್ನೆಲ್ಲ ನೋಡಿದರು. ಅವತ್ತು ಕಾಲ ಬಳಿ ಬಿದ್ದ ಆ ರೆಂಬೆಯನ್ನೂ ಒಣಗಿಸಿ ಇಟ್ಟಿದ್ದೆ, ಅಷ್ಟು ಗಟ್ಟಿ ಎದೆ ನನ್ನದು. ಅದನ್ನು ಭೂತಗನ್ನಡಿಯಲ್ಲಿ ನೋಡಿ, ನೀವು ಬರೆದ ಹೆಸರು ತಪ್ಪು, ಇದು ಅದರಂತೆಯೇ ಕಾಣುವ ಬೇರೆ ಗಿಡ ಎಂದರು. ಹೇಳಲು ನಾಚಿಕೆಯಾಗುತ್ತದೆ, ನನಗೆ ಕುಣಿಯುವಷ್ಟು ಸಂತೋಷವಾಯಿತು. ನಾನು ಕೂಗಿದ್ದು ಆ ಮದ್ದಿನ ಹೆಸರೇ ಅಲ್ಲವೆಂದ ಮೇಲೆ ಮದ್ದು ಕೆಟ್ಟದ್ದು ನನ್ನಿಂದಲ್ಲವಲ್ಲ!

ಅವತ್ತೇ ಹಟ್ಟಿಗೆ ಓಡಿದೆ. ಉಳಿದ ಎಂಟು ಕುರಿ ಮಾರಿ ಕರಿಯಮ್ಮ ಕೂಲಿಗೆ ಹೋಗುತ್ತಿದ್ದಳು. ಚಿತ್ತಜ್ಜ ಖಾಲಿ ಕುರಿರೊಪ್ಪದ ಮುಂದೆ ಕುಂತಿದ್ದ. ಆ ದಿನದ ನಂತರ ಅವನು ಯಾರ ಕುರಿಗೂ ಮದ್ದು ಕೊಟ್ಟಿರಲಿಲ್ಲ. “ಅಜ್ಜ, ಅವತ್ತು ನಾನು ಹೇಳಿದ ಹೆಸರು ತಪ್ಪು. ಅದು ನಿಮ್ಮ ಮದ್ದಿನ ಹೆಸರೇ ಅಲ್ಲ,” ಎಂದು ಒಂದೇ ಉಸಿರಿಗೆ ಹೇಳಿದೆ.

ಅವನ ಮುಖ ಅರಳುತ್ತದೆಂದು ಕಾದೆ. ಅಜ್ಜ ನನ್ನಿಂದ ಸ್ವಲ್ಪ ಹಿಂದಕ್ಕೆ ಸರಿದು ಕುಂತ.

“ಹಂಗಾರೆ ಅವತ್ತು ಆ ಹೆಸ್ರು ಹಿಡ್ದು ನೀವು ಕರ್ದಿದ್ದು ಯಾರ್ನ ತಾಯಿ?” ಎಂದ.

ಆ ರಟ್ಟಿನ ಮೇಲಿದ್ದ ಹೆಸರು ಅಳಿಸಿದ್ದೇನೆ, ಸರಿಯಾದದ್ದನ್ನು ಬರೆದಿಲ್ಲ. ಕಾವಲಿಗೆ ಹೋಗುವುದನ್ನೂ ಬಿಟ್ಟೆ. ತರಗತಿಯಲ್ಲಿ ಯಾರಾದರೂ ಗಿಡ ತಂದು ಇದರ ಹೆಸರೇನು ಮೇಡಂ ಎಂದು ಕೇಳಿದರೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ, ಬಾಯಿಬಿಟ್ಟು ಹೇಳುವುದಿಲ್ಲ. ಹುಡುಗಿಯರು ನಗುತ್ತಾರೆ.